ಹಳೆಯ ಹಾರ್ಮೋನು, ಹೊಸ ಪ್ರಾಣಿ

1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ ಆಕ್ಸೊಲಾಟಲ್ ಎಂಬ ನೀರುಪ್ರಾಣಿಗಳು ಬಂದವು. ಗೇಣುದ್ದದ ಮೈ, ಮೀನಿನಂಥ ಬಾಲ, ಕತ್ತಿನ ಎರಡೂ ಬದಿಗೆ ಹೊರಚಾಚಿದ ಕಿವಿರಿನ ಕುಚ್ಚು. ಅವುಗಳಲ್ಲಿ ಆರು ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯುಮೆರಿಲ್ ಅವರ ಪಾಲಿಗೆ ಸಿಕ್ಕವು. ಮರುವರ್ಷ ಅವು ಮೊಟ್ಟೆಯಿಟ್ಟವು. ಮರಿಗಳು ಹೆತ್ತವರ ಹಾಗೆಯೇ ನೀರಲ್ಲಿ ಈಜಾಡಿಕೊಂಡು ಬೆಳೆದವು. ಅದೇ ವರ್ಷ, ಕೆಲವು ಮರಿಗಳ ಕಿವಿರು ಕರಗಿಹೋಯಿತು. ಬಾಲದ ಮೇಲಿನ ಈಜುರೆಕ್ಕೆ ಮಾಯವಾಯಿತು, ಮೈಮೇಲೆ ಚುಕ್ಕೆಗಳು ಮೂಡಿದವು. ನೆಲದ ಮೇಲೆ ನಡೆದಾಡುವ, ಗಾಳಿಯಲ್ಲಿ ಉಸಿರಾಡುವ ಸಾಲಮಾಂಡರ್‌ಗಳಾಗಿ ಅವು ನೀರಿನಿಂದ ಎದ್ದು ಬಂದವು. ಹೆತ್ತವು ಮಾತ್ರ ತೊಟ್ಟಿಯಲ್ಲಿ ಇದ್ದ ಹಾಗೆಯೇ ಇದ್ದವು.

ಇದರ ಗುಟ್ಟು ಒಡೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಬೇರೆ ಬೇರೆ ಪ್ರಾಣಿಗಳ ಅಂಗಗಳನ್ನು ಕತ್ತರಿಸಿ ತಿನ್ನಿಸಿ ನೋಡಿದರು. ಯಕೃತ್ತು ತಿಂದವುಗಳಿಗೆ ವಿಶೇಷವೇನೂ ಆಗಲಿಲ್ಲ. ಥೈರಾಯ್ಡ್ ಗ್ರಂಥಿ ತಿಂದವು ಬೆಳೆಯುವ ಮೊದಲೇ ಕಾಲು ಮೂಡಿಸಿಕೊಂಡು, ಬಾಲ ಕರಗಿಸಿಕೊಂಡು ನೊಣದಷ್ಟು ಪುಟ್ಟ ಕಪ್ಪೆಗಳಾಗಿಬಿಟ್ಟವು. ಮರುವರ್ಷವೇ ಲೌಫ್‌ಬರ್ಗರ್, 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಅದೇ ಆಹಾರವನ್ನು ಆಕ್ಸೊಲಾಟಲ್‌ಗೆ ಕೊಟ್ಟರು. ಅದೂ ನೀರು ಬಿಟ್ಟು ನೆಲಕ್ಕೆ ಬಂತು.

ಅಂದರೆ ಆಕ್ಸೊಲಾಟಲ್ ನೆಲದ ಬದುಕಿನ ತಯಾರಿಯನ್ನು ಕಳೆದುಕೊಂಡಿರಲಿಲ್ಲ. ಅದರ ಮೈಯೊಳಗೆ ಥೈರಾಯ್ಡ್ ಗ್ರಂಥಿ ಇದೆ, ಆ ಹಾರ್ಮೋನಿನ ಮಾತು ಕೇಳುವ ಜೀವಕೋಶಗಳೂ ಇವೆ. ಥೈರಾಯ್ಡಿಗೆ ಅಪ್ಪಣೆ ಕೊಡಬೇಕಾದ ಮೆದುಳು ಮತ್ತು ಪಿಟ್ಯುಟರಿ ಗ್ರಂಥಿಯ ಕಡೆಯಿಂದ ಬರುವ ಸೂಚನೆ ಮಾತ್ರ ಸಾಲದು. ಇದರ ಹತ್ತಿರದ ಬಂಧುಗಳು ಅಮೆರಿಕದ ಹುಲಿ ಸಾಲಮಾಂಡರ್‌ಗಳು. ಅವು ಬಾಲ್ಯ ಮುಗಿದ ಮೇಲೆ ನೆಲಕ್ಕೆ ಬರುತ್ತವೆ. ಮೆಕ್ಸಿಕೊ ಸಿಟಿಯ ಬಳಿಯ ಶೋಚಿಮಿಲ್ಕೊದಂಥ ಬತ್ತದ ಕೆರೆಯಲ್ಲಿ ಬಾಳಿದ ಆಕ್ಸೊಲಾಟಲ್‌ಗೆ ಮೇಲೆ ಬರುವ ಜರೂರು ಇರಲಿಲ್ಲ. ಮರಿಯ ಮೈಯಲ್ಲೇ ಪ್ರಾಯಕ್ಕೆ ಬಂದು ಸಂತಾನ ಬೆಳೆಸಿತು. ಒಂದು ಸೂಚನೆ ಸಣ್ಣದಾಗಿದ್ದಕ್ಕೆ ಕಿವಿರು, ಬಾಲ, ಚರ್ಮ, ಉಸಿರಾಟ, ವಾಸ ಎಲ್ಲವೂ ಒಟ್ಟಿಗೇ ಬದಲಾದವು. ಪ್ರಾಣಿವಿಕಾಸದಲ್ಲಿ ಹಾರ್ಮೋನುಗಳ ಪಾತ್ರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಹಾರ್ಮೋನು ಕೆಲಸ ಮಾಡುವ ರೀತಿಯನ್ನು ಒಮ್ಮೆ ನೋಡಿಬಿಡೋಣ. ಒಂದು ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ, ರಕ್ತ ಮೈಯೆಲ್ಲ ಸುತ್ತಿಸುತ್ತದೆ. ಊರಲ್ಲಿ ಡಂಗುರ ಸಾರಿದ ಹಾಗೆ: ತಮಟೆಯ ಸದ್ದು ಎಲ್ಲ ಮನೆಗೂ ಕೇಳುತ್ತದೆ, ಕಂದಾಯ ಬಾಕಿ ಇಟ್ಟುಕೊಂಡವನು ದುಡ್ಡು ಹುಡುಕಲು ಹೊರಡುತ್ತಾನೆ, ಉಳಿದವರು ತಮ್ಮ ಪಾಡಿಗಿರುತ್ತಾರೆ. ಜೀವಕೋಶಗಳಲ್ಲಿ ಆ ಹಾರ್ಮೋನಿಗೆ ಹೊಂದುವ ಗ್ರಾಹಕ ಎಂಬ ಪ್ರೋಟೀನು ಇದ್ದರೆ ಸುದ್ದಿ ತಲುಪಿದಂತೆ. ತಲುಪಿದ ಮೇಲೆ ಏನು ಮಾಡಬೇಕೆಂಬುದು ಆಯಾ ಜೀವಕೋಶಕ್ಕೆ ಬಿಟ್ಟದ್ದು. ಗೊದಮೊಟ್ಟೆಯ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಏರಿದಾಗ ಬಾಲದ ಕೋಶಗಳು ಸಾಯುತ್ತವೆ, ಕಾಲಿನ ಕೋಶಗಳು ಇಬ್ಭಾಗವಾಗುತ್ತಾ ಬೆಳೆಯುತ್ತವೆ, ಸೊಪ್ಪು ಅರಗಿಸುತ್ತಿದ್ದ ಉದ್ದ ಕರುಳು ಮೋಟಾಗುತ್ತದೆ. ಅಪ್ಪಣೆ ಒಂದೇ, ನಡೆಯುವುದು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು.

ಆದ್ದರಿಂದ ವಿಕಾಸ ಕೈಯಾಡಿಸಬಹುದಾದ ಜಾಗಗಳು ಬೇಕಾದಷ್ಟಿವೆ. ಗ್ರಂಥಿ ಎಷ್ಟು ಸುರಿಸುತ್ತದೆ, ಯಾವಾಗ ಸುರಿಸುತ್ತದೆ ಎಂಬುದು ಬದಲಾಗಬಹುದು. ಥೈರಾಯ್ಡ್ ಹೆಚ್ಚಾಗಿ ಬಿಡುಗಡೆ ಮಾಡುವುದು ಟಿ4 ಎಂಬ ಮಂದ ರೂಪವನ್ನು. ಅದನ್ನು ಚುರುಕಾದ ಟಿ3 ಆಗಿ ಮಾರ್ಪಡಿಸುವ ಕಿಣ್ವ ಯಾವ ಅಂಗದಲ್ಲಿ ಎಷ್ಟಿದೆ ಎಂಬುದು ಬದಲಾಗಬಹುದು. ಗ್ರಾಹಕಗಳ ಸಂಖ್ಯೆ ಬದಲಾಗಬಹುದು, ಗ್ರಾಹಕ ಎಬ್ಬಿಸುವ ಜೀನುಗಳ ಪಟ್ಟಿಯೇ ಬದಲಾಗಬಹುದು. ಉತ್ತರ ಅಮೆರಿಕದ ಮಡ್‌ಪಪ್ಪಿ ಎಂಬ ಸಾಲಮಾಂಡರ್ ಕೂಡ ಆಕ್ಸೊಲಾಟಲ್ ಹಾಗೆ ಬದುಕಿಡೀ ಕಿವಿರು ಇಟ್ಟುಕೊಂಡು ನೀರಲ್ಲೇ ಇರುತ್ತದೆ. ಆದರೆ ಅದಕ್ಕೆ ಎಷ್ಟೇ ಥೈರಾಯ್ಡ್ ಹಾರ್ಮೋನು ಕೊಟ್ಟರೂ ನೆಲಕ್ಕೆ ಬರುವುದಿಲ್ಲ. ಅದರ ಅಂಗಾಂಶಗಳು ಆ ಕರೆಗೆ ರೂಪ ಬದಲಿಸುವುದನ್ನೇ ಬಿಟ್ಟುಬಿಟ್ಟಿವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಬಾಳು, ಒಳಗೆ ಸರಪಳಿ ತುಂಡಾಗಿರುವ ಜಾಗ ಬೇರೆ ಬೇರೆ.

ಸೂಚನೆ ಸಣ್ಣದಾದರೆ ಆಕ್ಸೊಲಾಟಲ್. ಅದೇ ಸೂಚನೆ ಬೇಗ ಬಂದರೆ? ಅಮೆರಿಕದ ನೈರುತ್ಯ ಮರುಭೂಮಿಯಲ್ಲಿ ಸ್ಪೇಡ್‌ಫುಟ್ ಎಂಬ ಕಪ್ಪೆಗಳು ಮಳೆ ಬಿದ್ದ ರಾತ್ರಿ ನೆಲದಡಿಯಿಂದೆದ್ದು ಬಂದು ಹೊಂಡಗಳಲ್ಲಿ ಮೊಟ್ಟೆಯಿಡುತ್ತವೆ. ಹೊಂಡ ಒಣಗುವುದರೊಳಗೆ ಗೊದಮೊಟ್ಟೆ ಕಪ್ಪೆಯಾಗಬೇಕು, ಇಲ್ಲದಿದ್ದರೆ ಸಾವು. ರಾಬರ್ಟ್ ಡೆನ್ವರ್ ಅವರ ಪ್ರಯೋಗಗಳಲ್ಲಿ ತೊಟ್ಟಿಯ ನೀರನ್ನು ಇಳಿಸುತ್ತಾ ಬಂದಾಗ ಗೊದಮೊಟ್ಟೆಗಳು ರೂಪಾಂತರವನ್ನು ಅವಸರಿಸಿದವು. ನೀರಿಳಿದ ಒತ್ತಡಕ್ಕೆ ಮೆದುಳಿನಲ್ಲಿ ಒಂದು ಒತ್ತಡ-ಹಾರ್ಮೋನು ಹೊರಡುತ್ತದೆ. ನಮ್ಮಲ್ಲಿ ಅದರ ಮುಖ್ಯ ಕೆಲಸ ಕಾರ್ಟಿಸಾಲ್ ಏರಿಸುವುದು, ಕಪ್ಪೆಗಳಲ್ಲಿ ಅದು ಥೈರಾಯ್ಡನ್ನೂ ಎಬ್ಬಿಸುತ್ತದೆ. ಬೆಲೆ ತೆರದೆ ಇದು ನಡೆಯುವುದಿಲ್ಲ. ಅವಸರದಲ್ಲಿ ಕಪ್ಪೆಯಾದದ್ದು ಗಾತ್ರದಲ್ಲಿ ಚಿಕ್ಕದು.

ಯುರೋಪಿನಲ್ಲಿರುವ ಇವುಗಳ ಬಂಧುಗಳು ನಿಧಾನಸ್ಥರು. ಅವುಗಳ ಗೊದಮೊಟ್ಟೆ ತಿಂಗಳುಗಟ್ಟಲೆ ನೀರಲ್ಲಿರುತ್ತದೆ, ನೀರು ಬತ್ತಿದರೆ ಮಾತ್ರ ವೇಗ ಹೆಚ್ಚಿಸಿಕೊಳ್ಳುತ್ತದೆ. ಮರುಭೂಮಿಯ ಕೌಚ್ ಸ್ಪೇಡ್‌ಫುಟ್‌ಗೆ ಆ ವೇಗವೇ ಕಾಯಂ ಆಗಿದೆ, ನೀರು ತುಂಬಿದ್ದರೂ ಎಂಟು ದಿನಗಳಷ್ಟು ಕಡಿಮೆ ಅವಧಿಯಲ್ಲಿ ಅದು ಕಪ್ಪೆಯಾಗಬಲ್ಲದು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಯುರೋಪಿನ ಕಪ್ಪೆಯನ್ನು ಅವಸರಪಡಿಸಿದಾಗ ಅದರ ಕಾಲು ತುಸು ಮೋಟಾಗುತ್ತದೆ. ಮರುಭೂಮಿಯ ಜಾತಿಗೆ ಹುಟ್ಟಾ ಇರುವ ಆಕಾರವೂ ಅದೇ ಬಗೆಯದು. ಒಂದು ಕಾಲಕ್ಕೆ ಪರಿಸ್ಥಿತಿಗೆ ತಕ್ಕಂತೆ ಆಗುತ್ತಿದ್ದ ಹೊಂದಾಣಿಕೆಯೊಂದು ಮುಂದೆ ವಂಶದ ಸ್ವಭಾವವೇ ಆಯಿತು ಎಂದು ಈ ಹೋಲಿಕೆಯನ್ನು ಓದುವವರಿದ್ದಾರೆ. ನನಗೂ ಅದು ಸರಿಯೆನಿಸುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಗೊದಮೊಟ್ಟೆಯೇ ಇರುವುದಿಲ್ಲ. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ಪೊದೆಗಳಿಂದ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳದು ಈ ಬಗೆ. ಒದ್ದೆ ಎಲೆಯ ಮೇಲೋ ಮಣ್ಣಿನಲ್ಲೋ ಇಟ್ಟ ಮೊಟ್ಟೆಯೊಡೆದು ಬರುವುದು ಬಾಲವಿಲ್ಲದ ಮರಿಗಪ್ಪೆ, ಕೆರೆಯ ಹಂಗೇ ಇಲ್ಲ. ಪಶ್ಚಿಮ ಘಟ್ಟದ ಈ ಕಪ್ಪೆಗಳ ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ, ಕಪ್ಪೆಗಳ ಅಧ್ಯಯನಕ್ಕೆ ಹೆಸರಾದ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ. ಮೊಟ್ಟೆಯೊಳಗೇ ಕಪ್ಪೆಯಾಗುವುದು ಹೇಗೆ ಎಂಬುದನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಪೋರ್ಟೊ ರಿಕೊದ ಕೊಕಿ ಎಂಬ ಕಪ್ಪೆಯಲ್ಲಿ. ಅಲ್ಲಿ ಮೊಟ್ಟೆಗೆ ಥೈರಾಯ್ಡ್ ಹಾರ್ಮೋನು ತಯಾರಾಗದಂತೆ ತಡೆಯುವ ಔಷಧ ಕೊಟ್ಟರೆ ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ, ಹಾರ್ಮೋನು ಸೇರಿಸಿದರೆ ಮತ್ತೆ ಮುಂದುವರಿಯುತ್ತದೆ. ಗೊದಮೊಟ್ಟೆ ಹೋಯಿತು, ರೂಪಾಂತರ ಹೋಗಲಿಲ್ಲ. ಮೊಟ್ಟೆಯ ಸಿಪ್ಪೆಯೊಳಗೆ ಸರಿದುಕೊಂಡಿತು.

ಕೀಟಗಳಲ್ಲಿ ಇದೇ ಆಟ ಬೇರೆ ಹಾರ್ಮೋನುಗಳಿಂದ ನಡೆಯುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಕಣ್ಣೆದುರಿನ ಸಂಗತಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುತ್ತದೆ, ಐದನೇ ಹಂತದಲ್ಲಿ ಸೊಪ್ಪನ್ನು ಮುಕ್ಕುತ್ತದೆ, ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟುತ್ತದೆ. ಪೊರೆ ಕಳಚಲು ಅಪ್ಪಣೆ ಕೊಡುವುದು ಎಕ್‌ಡೈಸೋನ್. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲ ಬಾರಿಗೆ ಹರಳಾಗಿ ಬೇರ್ಪಡಿಸಿದ್ದು ರೇಷ್ಮೆಯ ಪ್ಯೂಪಾಗಳಿಂದಲೇ: 500 ಕೆ.ಜಿ. ಅರೆದು ಸಿಕ್ಕಿದ್ದು 25 ಮಿಲಿಗ್ರಾಂ. ಇನ್ನೊಂದರ ಹೆಸರು ಬಾಲ್ಯ ಹಾರ್ಮೋನು; ಅದು ಮೆದುಳಿನ ಹಿಂದಿರುವ ಪುಟ್ಟ ಗ್ರಂಥಿಗಳಲ್ಲಿ ಹುಟ್ಟುತ್ತದೆ. ಇದು ಹೆಚ್ಚಿರುವಾಗ ಎಕ್‌ಡೈಸೋನ್ ಬಂದರೆ ಹುಳು ಪೊರೆ ಬಿಟ್ಟು ಮತ್ತೆ ಹುಳುವೇ ಆಗುತ್ತದೆ. ಇದು ಇಳಿದಿರುವಾಗ ಬಂದರೆ ಪ್ಯೂಪಾ. ಜಪಾನಿನ ಫುಕುಡಾ ಎಳೆಯ ಹುಳುಗಳಿಂದ ಆ ಗ್ರಂಥಿಗಳನ್ನು ತೆಗೆದಾಗ ಅವು ಜ್ವರಗಳನ್ನು ಪೂರೈಸದೆ ಪುಟಾಣಿ ಗೂಡು ಕಟ್ಟಿದವು. ಎರಡೇ ಜ್ವರಕ್ಕೆ ಗೂಡಿಗೆ ಹೊರಡುವ ಒಂದು ವಿಚಿತ್ರ ರೇಷ್ಮೆ ತಳಿಯೂ ಇದೆ. ಬಾಲ್ಯ ಹಾರ್ಮೋನನ್ನು ತಯಾರಿಸುವ ಒಂದು ಕಿಣ್ವದ ಜೀನು ಅದರಲ್ಲಿ ಕೆಟ್ಟಿದೆ ಎಂದು 2012ರಲ್ಲಿ ಗೊತ್ತಾಯಿತು. ಒಂದು ಜೀನು ಕೆಟ್ಟರೆ ಎರಡು ಜ್ವರದ ಬಾಲ್ಯವೇ ಮೊಟಕಾಗುತ್ತದೆ.

ಇಲ್ಲಿ ಒಂದು ಅಡ್ಡಕತೆ ಹೇಳದೆ ಮುಂದೆ ಹೋಗಲಾರೆ. 1960ರ ದಶಕದಲ್ಲಿ ಪ್ರಾಗ್‌ನ ಕೀಟವಿಜ್ಞಾನಿ ಕರೆಲ್ ಸ್ಲಾಮಾ ತಾವು ಪ್ರಯೋಗಕ್ಕೆ ಸಾಕಿದ್ದ ಗಿಡತಿಗಣೆಗಳೊಂದಿಗೆ ಹಾರ್ವರ್ಡ್‌ಗೆ ಹೋದರು. ಊರಲ್ಲಿ ಸರಾಗವಾಗಿ ಬೆಳೆಯುತ್ತಿದ್ದ ತಿಗಣೆಗಳು ಅಲ್ಲಿ ಪ್ರಾಯಕ್ಕೇ ಬರಲೊಲ್ಲವು, ಮರಿಗಳಾಗಿಯೇ ದೊಡ್ಡದಾಗಿ ಸತ್ತವು. ಆಹಾರ, ನೀರು ಎಲ್ಲ ಪರೀಕ್ಷಿಸಿ ಕೊನೆಗೆ ಸಿಕ್ಕ ಕಳ್ಳ, ಡಬ್ಬಿಯಲ್ಲಿ ಹಾಸಿದ್ದ ಅಮೆರಿಕದ ಕಾಗದ. ಆ ಕಾಗದಕ್ಕೆ ಬಳಸಿದ್ದ ಬಾಲ್ಸಮ್ ಫರ್ ಮರದಲ್ಲಿ ಬಾಲ್ಯ ಹಾರ್ಮೋನಿನಂತೆ ಕೆಲಸ ಮಾಡುವ ರಸಾಯನವಿತ್ತು. ತನ್ನನ್ನು ತಿನ್ನುವ ಕೀಟಗಳು ಸಂತಾನ ಬೆಳೆಸದಂತೆ ಮರ ಕಂಡುಕೊಂಡ ಉಪಾಯವಿದು ಎಂಬುದು ಒಪ್ಪುವಂಥ ಊಹೆ. ವಿಕಾಸದಲ್ಲಿ ಒಬ್ಬರ ಹಾರ್ಮೋನು ಇನ್ನೊಬ್ಬರ ಆಯುಧವೂ ಆಗುತ್ತದೆ.

ಇವೆಲ್ಲ ನಡೆದುಹೋದ ವಿಕಾಸದ ಗುರುತುಗಳು. ಕಣ್ಣೆದುರೇ ನಡೆಯುವುದನ್ನು ನೋಡಬಹುದೆ? ಡ್ಯೂಕ್ ವಿಶ್ವವಿದ್ಯಾಲಯದ ಯುಯಿಚಿರೊ ಸುಜುಕಿ ಮತ್ತು ಫ್ರೆಡ್ ನಿಜ್‌ಹೌಟ್ 2006ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ. ತಂಬಾಕು ಗಿಡದ ಹಸಿರು ಕಂಬಳಿಹುಳುವಿನಲ್ಲಿ ಕಪ್ಪಾಗಿ ಹುಟ್ಟುವ, ಜೀನು ಬದಲಾದ ಒಂದು ತಳಿಯಿದೆ. ಅದರಲ್ಲಿ ಬಾಲ್ಯ ಹಾರ್ಮೋನು ಕಡಿಮೆ. ಅವರು ಈ ಕಪ್ಪು ಹುಳುಗಳಿಗೆ ಪೊರೆ ಕಳಚುವ ಮೊದಲಿನ ಸೂಕ್ಷ್ಮ ಗಳಿಗೆಯಲ್ಲಿ 42 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರು. ಕೆಲವು ಹಸಿರಾದವು, ಕೆಲವು ಅಲ್ಪಸ್ವಲ್ಪ, ಕೆಲವು ಏನೂ ಆಗಲಿಲ್ಲ. ಹಸಿರಾದವುಗಳನ್ನೇ ಆರಿಸಿ ಕೂಡಿಸುತ್ತಾ ಹೋದರು. 13 ತಲೆಮಾರಿನ ಹೊತ್ತಿಗೆ, ತಂಪಿನಲ್ಲಿ ಕಪ್ಪಾಗಿ, ಸುಮಾರು 28 ಡಿಗ್ರಿ ದಾಟಿದರೆ ತಾನಾಗಿಯೇ ಹಸಿರಾಗಿ ಬೆಳೆಯುವ ವಂಶ ತಯಾರಾಗಿತ್ತು. ಹುಳುವಿನ ಕತ್ತಿಗೆ ದಾರ ಬಿಗಿದು ತಲೆಯಿಂದ ರಸ ಇಳಿಯದಂತೆ ಮಾಡಿದರೆ ಹಿಂದಿನ ಭಾಗ ಕಪ್ಪಾಗಿಯೇ ಉಳಿಯಿತು. ಅಲ್ಲಿಗೆ ಬಾಲ್ಯ ಹಾರ್ಮೋನು ಹಚ್ಚಿದರೆ ಹಸಿರಾಯಿತು. ಆಯ್ಕೆಯಿಂದ ಸರಿದದ್ದು ಹಾರ್ಮೋನಿನ ಮಟ್ಟ, ಬಣ್ಣ ಅದರ ಹಿಂದೆ ಬಂತು.

ಪ್ರಯೋಗಾಲಯದ ಹೊರಗೂ ಇಂಥದ್ದು ನಡೆದಿದೆ. ಮೆಡಿಟರೇನಿಯನ್ ಕಡೆಯ ಒಂದು ಸಗಣಿಹುಳುವಿನಲ್ಲಿ ದೊಡ್ಡ ಗಂಡುಗಳಿಗೆ ಉದ್ದ ಕೊಂಬು, ಚಿಕ್ಕ ಗಂಡುಗಳಿಗೆ ಕೊಂಬೇ ಇಲ್ಲ. ಒಂದು ಗಾತ್ರದ ಗಡಿ ದಾಟಿದರೆ ಮಾತ್ರ ಕೊಂಬು. ಕಳೆದ ಶತಮಾನದಲ್ಲಿ ಈ ಹುಳು ಅಮೆರಿಕಕ್ಕೆ ಅಕಸ್ಮಾತ್ತಾಗಿಯೂ, ಆಸ್ಟ್ರೇಲಿಯಕ್ಕೆ ದನಗಳ ಸಗಣಿ ವಿಲೇವಾರಿ ಮಾಡಲೆಂದೇ ತಂದದ್ದರಿಂದಲೂ ಹೋಯಿತು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಹುಳುಗಳ ದಟ್ಟಣೆ ವಿಪರೀತ. ಮಧ್ಯಮ ಗಾತ್ರದವನು ಕೊಂಬು ಹೊತ್ತು ಕಾದಾಡಿ ಗೆಲ್ಲುವ ಸಂಭವ ಕಡಿಮೆ. ಅಲ್ಲಿ ಗಡಿ ಮೇಲಕ್ಕೆ ಸರಿದಿದೆ, ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಕೆಳಕ್ಕೆ. ಐವತ್ತು ವರ್ಷದೊಳಗೆ ಆದ ವಂಶಪಾರಂಪರ್ಯ ಬದಲಾವಣೆ ಇದು. ಎರಡೂ ಕಡೆಯ ಮರಿಗಳು ಬಾಲ್ಯ ಹಾರ್ಮೋನಿಗೆ ಸ್ಪಂದಿಸುವ ಸಮಯ, ಪ್ರಮಾಣ ಬೇರೆಬೇರೆಯಾಗಿವೆ. ಇನ್ಸುಲಿನ್ ಬಗೆಯ ಸಂಕೇತಗಳಿಗೂ ಕೊಂಬಿನಲ್ಲಿ ಪಾಲಿದೆ ಎಂದು ಆಮೇಲಿನ ಕೆಲಸ ತೋರಿಸಿದೆ, ಹಾಗಾಗಿ ಒಂದೇ ಹಾರ್ಮೋನಿನ ತಲೆಗೆ ಎಲ್ಲವನ್ನೂ ಕಟ್ಟುವುದು ಬೇಡ.

ಇಷ್ಟು ಹೇಳಿದರೆ ಹಾರ್ಮೋನು ವಿಕಾಸಕ್ಕೆ ಸುಲಭದ ದಾರಿ ಎಂದು ತೋರೀತು. ಹಲವು ಕೆಲಸಗಳು ಒಂದೇ ಅಪ್ಪಣೆಗೆ ಕಟ್ಟಿಕೊಂಡಿರುವುದರಿಂದ ಅದು ಅಡ್ಡಿಯೂ ಆಗುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಎಲೆನ್ ಕೆಟರ್‌ಸನ್ ಮತ್ತು ಸಂಗಡಿಗರು ವರ್ಜೀನಿಯಾದ ಬೆಟ್ಟಗಳಲ್ಲಿ ಜಂಕೊ ಎಂಬ ಪುಟ್ಟ ಹಕ್ಕಿಯ ಗಂಡುಗಳಿಗೆ ಟೆಸ್ಟೋಸ್ಟಿರೋನ್ ತುಂಬಿದ ಸಣ್ಣ ಕೊಳವೆಗಳನ್ನು ಚರ್ಮದಡಿ ಇಟ್ಟು ವರ್ಷಗಟ್ಟಲೆ ಗಮನಿಸಿದರು. ಅವು ಹೆಚ್ಚು ಹಾಡಿದವು, ದೂರ ದೂರ ತಿರುಗಿದವು, ಬೇರೆ ಹೆಣ್ಣುಗಳ ಗೂಡಿನಲ್ಲೂ ಮರಿಗಳನ್ನು ಹುಟ್ಟಿಸಿದವು. ತಮ್ಮ ಗೂಡಿನ ಮರಿಗಳಿಗೆ ಗುಟುಕು ಕೊಡುವುದು ಕಡಿಮೆಯಾಯಿತು, ರೋಗನಿರೋಧಕ ಶಕ್ತಿ ಕುಗ್ಗಿತು, ಆಯುಷ್ಯವೂ ಇಳಿಯಿತು. ಸಂತಾನದ ಲೆಕ್ಕದಲ್ಲಿ ಇವೇ ಮುಂದಿದ್ದವು. ಹಾಗಿದ್ದರೆ ಎಲ್ಲ ಜಂಕೊಗಳಲ್ಲೂ ಈ ಹಾರ್ಮೋನು ಏಕೆ ಏರಿಲ್ಲ? ಒಂದು ವಿವರಣೆ ಹೆಣ್ಣುಗಳ ಕಡೆಗಿದೆ. ಜೀನುಗಳು ಇಬ್ಬರಿಗೂ ಹಂಚಿಕೆಯಾಗುವುದರಿಂದ ಗಂಡಿನಲ್ಲಿ ಏರಿದ್ದು ಹೆಣ್ಣಿನಲ್ಲೂ ಏರೀತು. ಹೆಣ್ಣಿಗೆ ಅದೇ ಹಾರ್ಮೋನು ಕೊಟ್ಟಾಗ ಕಾವು ಕೂರಲು ಬೇಕಾದ ಹೊಟ್ಟೆಯ ಬೋಳು ಚರ್ಮ ಸರಿಯಾಗಿ ಮೂಡಲಿಲ್ಲ. ಅವನ ಲಾಭ ಅವಳ ನಷ್ಟದಲ್ಲಿ ಕರಗುತ್ತದೆ.

ಇದೇ ಕಟ್ಟು ಒಮ್ಮೊಮ್ಮೆ ಯಾರೂ ಕೇಳದ ಬದಲಾವಣೆಗಳನ್ನು ಜೊತೆಗೆ ತರುತ್ತದೆ. 1959ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಮತ್ತು ಲ್ಯುದ್ಮಿಲಾ ತ್ರುತ್ ಬೆಳ್ಳಿನರಿಗಳಲ್ಲಿ ಮನುಷ್ಯರಿಗೆ ಹೆದರದ, ಕಚ್ಚದ ಮರಿಗಳನ್ನಷ್ಟೇ ಆರಿಸಿ ತಳಿ ಬೆಳೆಸತೊಡಗಿದರು. 12 ತಲೆಮಾರಿನ ಹೊತ್ತಿಗೆ ಒತ್ತಡದ ಹಾರ್ಮೋನುಗಳ ಸಹಜ ಮಟ್ಟ ಸಾಮಾನ್ಯ ನರಿಗಳದರ ಅರ್ಧಕ್ಕಿಂತ ತುಸು ಮೇಲಕ್ಕೆ ಇಳಿದಿತ್ತು, 30ರ ಹೊತ್ತಿಗೆ ಮತ್ತೆ ಅದರರ್ಧ. ಕೆಲವು ನರಿಗಳಿಗೆ ಜೋತ ಕಿವಿ, ಸುರುಳಿ ಬಾಲ, ಹಣೆಯ ಮೇಲೆ ಬಿಳಿ ಚುಕ್ಕೆ ಬಂದವು. ಈ ಕತೆಯನ್ನು ಪವಾಡದ ಧಾಟಿಯಲ್ಲಿ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ: ಆ ನರಿಗಳ ಮೂಲ ಕೆನಡದ ತುಪ್ಪಳದ ಫಾರ್ಮುಗಳು, ಅಲ್ಲಿ ಪಳಗಿಸುವುದು ದಶಕಗಳ ಹಿಂದೆಯೇ ಶುರುವಾಗಿತ್ತು, ಬಿಳಿ ಚುಕ್ಕೆಗಳೂ ಆಗಲೇ ಇದ್ದವು. ಹಾರ್ಮೋನು ಇಳಿದದ್ದು ನಿಜ. ಜೋತ ಕಿವಿಯನ್ನು ಅದರ ಖಾತೆಗೆ ಬರೆಯುವ ಮುಂಚೆ ಯೋಚಿಸಬೇಕು.

ಇನ್ನು ಬಹಳ ಹಳೆಯ ಲೆಕ್ಕಕ್ಕೆ ಬರೋಣ. ಪ್ರೊಲ್ಯಾಕ್ಟಿನ್ ಎಂದರೆ ನಮಗೆ ಎದೆಹಾಲಿನ ಹಾರ್ಮೋನು. ಪಾರಿವಾಳದಲ್ಲಿ ಇದೇ ಹಾರ್ಮೋನು ಗಂಡು-ಹೆಣ್ಣು ಎರಡರ ಗಂಟಲಚೀಲದಲ್ಲೂ ಮರಿಗಳಿಗೆ ಉಣಿಸುವ ಹಾಲಿನಂಥ ದ್ರವ್ಯ ಹುಟ್ಟಿಸುತ್ತದೆ. ಸಮುದ್ರ, ಸಿಹಿನೀರು ಎರಡರಲ್ಲೂ ಬದುಕಬಲ್ಲ ಕಿಲಿಫಿಶ್ ಎಂಬ ಮೀನಿನ ಪಿಟ್ಯುಟರಿ ತೆಗೆದರೆ ಅದು ಸಿಹಿನೀರಿನಲ್ಲಿ ಸಾಯುತ್ತದೆ. 1959ರಲ್ಲಿ ಗ್ರೇಸ್ ಪಿಕ್‌ಫರ್ಡ್ ತೋರಿಸಿದಂತೆ ಪ್ರೊಲ್ಯಾಕ್ಟಿನ್ ಕೊಟ್ಟರೆ ಬದುಕುತ್ತದೆ, ಏಕೆಂದರೆ ಮೈಯ ಉಪ್ಪು ನೀರಿಗೆ ಸೋರದಂತೆ ತಡೆಯುವುದು ಅಲ್ಲಿ ಅದರ ಕೆಲಸ. ಮೀನಿಗೆ ಮೊಲೆಯಿಲ್ಲ, ಆದರೂ ಹಾರ್ಮೋನಿದೆ. ಬದಲಾಗುವುದು ಹಾರ್ಮೋನಿಗಿಂತ ಹೆಚ್ಚಾಗಿ ಅದರ ಬಳಕೆ ಎಂದು ಪೀಟರ್ ಮೆಡಾವರ್ 1953ರಲ್ಲೇ ವಾದಿಸಿದ್ದರು.

ಹಾಗಾದರೆ ಹೊಸ ಹಾರ್ಮೋನು-ಗ್ರಾಹಕ ಜೋಡಿ ಹುಟ್ಟುವುದಾದರೂ ಹೇಗೆ? ಎರಡೂ ಒಂದೇ ಗಳಿಗೆಯಲ್ಲಿ ಬರಬೇಕಲ್ಲ ಎಂಬುದು ವಿಕಾಸವನ್ನು ಒಪ್ಪದವರ ಹಳೆಯ ತಕರಾರು. ಜೋ ಥಾರ್ನ್‌ಟನ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟರು. ಇಂದಿನ ಪ್ರಾಣಿಗಳ ಗ್ರಾಹಕ ಜೀನುಗಳನ್ನು ಹೋಲಿಸಿ, 45 ಕೋಟಿ ವರ್ಷಗಳ ಹಿಂದಿನ ಪೂರ್ವಜ ಗ್ರಾಹಕದ ರಚನೆಯನ್ನು ಲೆಕ್ಕಹಾಕಿ, ಅದನ್ನು ಪ್ರಯೋಗಾಲಯದಲ್ಲಿ ನಿಜವಾಗಿಯೂ ತಯಾರಿಸಿದರು. ನಮ್ಮ ಮೈಯಲ್ಲಿ ಉಪ್ಪಿನ ಹದ ಕಾಯುವ ಆಲ್ಡೊಸ್ಟಿರೋನ್ ಎಂಬ ಹಾರ್ಮೋನಿಗೆ ಆ ಪುರಾತನ ಪ್ರೋಟೀನು ಸ್ಪಂದಿಸಿತು. ಆಲ್ಡೊಸ್ಟಿರೋನ್ ಹುಟ್ಟಿದ್ದೋ ಆಮೇಲೆ ಕೋಟ್ಯಂತರ ವರ್ಷ ಕಳೆದ ಮೇಲೆ. ಅದನ್ನು ಹೋಲುವ ಬೇರೊಂದು ಹಳೆಯ ಸ್ಟಿರಾಯ್ಡ್‌ಗಾಗಿ ಇದ್ದ ಗ್ರಾಹಕವೇ ಹೊಸಬರಿಗೂ ಒದಗಿತು. ಆ ಜೀನು ಎರಡಾದ ಮೇಲೆ ಒಂದು ಪ್ರತಿಯಲ್ಲಿ ಎರಡು ಮುಖ್ಯ ಬದಲಾವಣೆಗಳಾಗಿ ಅದು ಕಾರ್ಟಿಸಾಲ್ ಕಡೆಗೆ ಒಲಿಯಿತು.

ಆಕ್ಸಿಟೋಸಿನ್, ವಾಸೊಪ್ರೆಸಿನ್ ಎಂಬ ಹಾರ್ಮೋನುಗಳೂ ಹೀಗೆ ಒಂದೇ ಮೂಲದ ಇಬ್ಬರು; ಒಂಬತ್ತು ಅಮೈನೊ ಆಮ್ಲಗಳಲ್ಲಿ ಎರಡರದ್ದೇ ವ್ಯತ್ಯಾಸ. ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಎಂಬ ಇಲಿ ಜೋಡಿಯಾಗಿ ಬಾಳುತ್ತದೆ, ಅದರ ಬಂಧು ಮೆಡೋ ವೋಲ್ ಬಾಳುವುದಿಲ್ಲ. ಈ ಹಾರ್ಮೋನುಗಳು ಇಬ್ಬರಲ್ಲೂ ಒಂದೇ, ಮೆದುಳಿನಲ್ಲಿ ಅವುಗಳ ಗ್ರಾಹಕಗಳು ಹರಡಿರುವ ರೀತಿ ಬೇರೆ. 2004ರಲ್ಲಿ ಮೆಡೋ ವೋಲ್ ಗಂಡಿನ ಮೆದುಳಿನ ಒಂದು ಭಾಗದಲ್ಲಿ ವಾಸೊಪ್ರೆಸಿನ್ ಗ್ರಾಹಕವನ್ನು ಹೆಚ್ಚಿಸಿದಾಗ ಅದೂ ಸಂಗಾತಿಗೆ ಅಂಟಿಕೊಂಡಿತು. ಪ್ರೀತಿಯ ಹಾರ್ಮೋನು ಸಿಕ್ಕಿತೆಂದು ಪತ್ರಿಕೆಗಳು ಬರೆದವು. 2023ರಲ್ಲಿ ಇನ್ನೊಂದು ತಂಡ ಪ್ರೇರಿ ವೋಲ್‌ಗಳಲ್ಲಿ ಆಕ್ಸಿಟೋಸಿನ್ ಗ್ರಾಹಕದ ಜೀನನ್ನೇ ತೆಗೆದುಹಾಕಿತು. ಅವು ಮಾಮೂಲಿನಂತೆ ಜೋಡಿ ಕಟ್ಟಿಕೊಂಡವು, ಹೆತ್ತವು, ಕೆಲವು ಮರಿಗಳನ್ನು ಹಾಲೂಡಿಸಿ ಬೆಳೆಸಿದವು ಕೂಡ. ಪ್ರಯೋಗಾಲಯದ ಇಲಿಯಲ್ಲಿ ಆಕ್ಸಿಟೋಸಿನ್ ವ್ಯವಸ್ಥೆಯನ್ನು ಕಿತ್ತರೆ ಮೊಲೆಯಿಂದ ಹಾಲು ಇಳಿಯುವುದೇ ಇಲ್ಲ. ಎರಡೂ ದಂಶಕಗಳೇ, ಹಾರ್ಮೋನೂ ಒಂದೇ. ಅದಕ್ಕೆ ಎಷ್ಟು ಕೆಲಸ ಜೋತುಬಿದ್ದಿದೆ ಎಂಬುದು ಮಾತ್ರ ಒಂದೊಂದು ವಂಶದಲ್ಲಿ ಒಂದೊಂದು ತರಹ.